ಪಕ್ಕದ ಮನೆಯ ಒಲೆ

ನೆರೆಮನೆಯಲ್ಲಿ ಸಾವಾದ ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಬಹುದೆ? ಮೇಲುನೋಟಕ್ಕೆ ಇದು ಅಡಿಗೆಮನೆಯ ಪ್ರಶ್ನೆ. ಪಂಡಿತರ ಬಳಿಗೆ ಕೊಂಡೊಯ್ಯುವಷ್ಟು ದೊಡ್ಡದೂ ಅಲ್ಲ, ನಕ್ಕು ಬಿಟ್ಟುಬಿಡುವಷ್ಟು ಚಿಕ್ಕದೂ ಅಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕೆ ಉತ್ತರ ಹುಡುಕಬೇಕಾದ ಪ್ರಮೇಯವೇ ಬರುವುದಿಲ್ಲ. ಏನು ಮಾಡಬೇಕೆಂಬುದು ಕೈಗೇ ಗೊತ್ತಿರುತ್ತದೆ. ನನಗೆ ಈ ಪ್ರಶ್ನೆ ಎದುರಾದದ್ದು ನಗರದಲ್ಲಿ, ಊರೆಲ್ಲ ರೋಗದ ಭಯದಲ್ಲಿ ಬಾಗಿಲು ಹಾಕಿಕೊಂಡಿದ್ದ ಒಂದು ಚಳಿಗಾಲದಲ್ಲಿ. ಅಂದಿನಿಂದ ಇಂದಿನವರೆಗೆ ಅದು ನನ್ನನ್ನು ಬಿಟ್ಟಿಲ್ಲ. ಅಡಿಗೆಮನೆಯಿಂದ ಹೊರಟ ಪ್ರಶ್ನೆ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಓದುಗರೊಡನೆ ಸ್ವಲ್ಪ ನಡೆದು ನೋಡಬೇಕೆಂದು ಈ ಬರಹ.

ಮೊದಲು ನನ್ನ ಸಂಗತಿ. ನಾನು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯವನು. ರಾಗಿ, ಅವರೆ, ಹಿಪ್ಪುನೇರಳೆ, ರೇಷ್ಮೆ—ಇಷ್ಟರಲ್ಲಿ ನಮ್ಮ ಕಡೆಯ ಬದುಕು ಮುಗಿಯುತ್ತದೆ. ನದಿಯಿಲ್ಲ, ಇರುವ ಕೆರೆಗಳು ಮಳೆಯ ಮರ್ಜಿಯಲ್ಲಿ ಬದುಕಿದವು. ಬೆಂಗಳೂರು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಓದು ಕಲಿತ ಮಕ್ಕಳು ಅಲ್ಲಿಗೆ ಹೋಗುವುದು, ತರಕಾರಿ ಹಾಲು ಅವರನ್ನು ಹಿಂಬಾಲಿಸುವುದು, ಇದು ನಮ್ಮಲ್ಲಿ ವಾಡಿಕೆ. ನಾನೂ ಹಾಗೆಯೇ ಹೋಗಿ ಒಂದು ಕಾಲೇಜಿನಲ್ಲಿ ಕನ್ನಡದ ಪಾಠ ಹೇಳಿಕೊಂಡು, ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿ, ವರ್ಷಗಳಾಗಿದ್ದವು.

2020ರ ಮಾರ್ಚ್ 9ರಂದು ನಮ್ಮ ರಾಜ್ಯದ ಮೊದಲ ಕೊರೋನಾ ರೋಗಿಯ ಸುದ್ದಿ ಹೊರಬಂತು. ಆ ತಿಂಗಳ 25ರಿಂದ ದೇಶವೆಲ್ಲ ಮನೆಯೊಳಗೆ ಕುಳಿತಿತು. ಅಂದು ಊರಿನಿಂದ ದೂರವಾಣಿಯಲ್ಲಿ ಮಾತನಾಡಿದ ನನ್ನ ತಾಯಿ ಹೇಳಿದ ಮಾತು ನೆನಪಿದೆ: “ನೀವೂ ಜ್ವರಕ್ಕೆ ಕೂತ್ರಿ ಅನ್ನು!” ರೇಷ್ಮೆಯ ಮನೆಯವರಲ್ಲದವರಿಗೆ ಈ ಮಾತು ತಿಳಿಯದು. ರೇಷ್ಮೆಹುಳು ಮೊಟ್ಟೆಯೊಡೆದು ಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಮೇವು ತೊರೆದು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರವೆಂದೇ ಹೆಸರು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹೊರಗಿನವರು ಹುಳುಮನೆಗೆ ಕಾಲಿಡಬಾರದು. ಕೈಕಾಲು ತೊಳೆಯದೆ ಮನೆಯವರೇ ಒಳಗೆ ಹೋಗುವಂತಿಲ್ಲ. ನಗರಕ್ಕೆ ಹೊಸದಾಗಿ ಕಂಡ ಕಟ್ಟಳೆಗಳೆಲ್ಲ ನನ್ನ ತಾಯಿಗೆ ಐವತ್ತು ವರ್ಷಗಳ ಅಭ್ಯಾಸ. ಆದರೆ ಅವಳಿಗೆ ಇನ್ನೊಂದೂ ಗೊತ್ತಿತ್ತು: ಜ್ವರ ಏಳುತ್ತದೆ, ಎದ್ದ ಹುಳುವಿಗೆ ಎಳೆಯ ಸೊಪ್ಪು ಸಿದ್ಧವಾಗಿರಬೇಕು.

ನಗರದ ಜ್ವರ ಮಾತ್ರ ಬೇಗ ಏಳಲಿಲ್ಲ. ಬೇಸಗೆ ಕಳೆಯಿತು, ಮಳೆಗಾಲ ಕಳೆಯಿತು. ನವೆಂಬರ್ 17ರಂದು ಪದವಿ ಕಾಲೇಜುಗಳು ತೆರೆದವು. ಎಪ್ಪತ್ತು ಮಂದಿಯ ತರಗತಿಗೆ ಹನ್ನೊಂದು ಮಂದಿ ಬಂದರು. ಮೂಗು ಬಾಯಿ ಮುಚ್ಚಿದ ಮುಖಗಳೆದುರು ಹಾಸ್ಯಪ್ರಸಂಗವೊಂದನ್ನು ಪಾಠಮಾಡಿ, ಅವರು ನಕ್ಕರೋ ಇಲ್ಲವೋ ತಿಳಿಯದೆ ಹಿಂದಿರುಗಿದ ದಿನ ನನಗೆ ವಿಚಿತ್ರವಾದ ದಣಿವಾಯಿತು. ನಗು ಎಂಬುದು ಎಷ್ಟರಮಟ್ಟಿಗೆ ತುಟಿಯ ಆಸ್ತಿ ಎಂಬುದು ಅಂದು ಗೊತ್ತಾಯಿತು.

ಇಂಥ ದಿನಗಳಲ್ಲಿ ಮನುಷ್ಯ ದೊಡ್ಡ ಸುಖಗಳ ಆಸೆ ಬಿಡುತ್ತಾನೆ. ಪ್ರವಾಸವಿಲ್ಲ, ಮದುವೆಯ ಊಟವಿಲ್ಲ, ನಾಟಕವಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ಕೂಡ ಆ ವರ್ಷ ಎಂದಿನ ಪರಿಷೆಯಾಗಿರಲಿಲ್ಲ. ಹೀಗೆ ದೊಡ್ಡವು ಒಂದೊಂದಾಗಿ ಎದ್ದುಹೋದಾಗ, ಅವುಗಳ ಹಿಂದೆ ಅಡಗಿದ್ದ ಚಿಕ್ಕವು ಕಾಣತೊಡಗಿದವು. ಬೆಳಗ್ಗೆ ಆರೂವರೆಗೆ ಮಂಜಿನೊಳಗಿಂದ ಸೊಪ್ಪಿನವಳ ಕೂಗು ಮೊದಲು ಬಂದು, ಅವಳು ಆಮೇಲೆ ಬರುವುದು. ಬಿಸಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಳ್ಳುವುದು. ಬೀದಿಯ ಕೊನೆಯ ತಬೂಬಿಯ ಮರ ಎಲೆಯುದುರಿಸಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣವಾಗಿ ನಿಲ್ಲುವುದು. ಹತ್ತು ವರ್ಷ ಅದೇ ಬೀದಿಯಲ್ಲಿ ಬಸ್ಸು ಹಿಡಿಯಲು ಓಡಿದವನಿಗೆ ಆ ಮರ ಯಾವ ಬಣ್ಣದ್ದೆಂದು ತಿಳಿದಿರಲಿಲ್ಲವೆಂದರೆ ನಾಚಿಕೆಯ ಮಾತು.

ಡಿಸೆಂಬರ್ 21ರ ಸುಮಾರಿಗೆ ಗುರು ಶನಿ ಗ್ರಹಗಳು ಆಕಾಶದಲ್ಲಿ ಒಂದನ್ನೊಂದು ಮುಟ್ಟುವಂತೆ ಬಂದವು. 1623ರ ಈಚೆಗೆ ಅಷ್ಟು ಹತ್ತಿರ ಬಂದಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಆ ವಾರದ ಒಂದು ಸಂಜೆ ನಮ್ಮ ಬೀದಿಯ ಮಾಳಿಗೆಗಳ ಮೇಲೆಲ್ಲ ಜನ. ಎಷ್ಟೋ ತಿಂಗಳಿಂದ ಒಬ್ಬರನ್ನೊಬ್ಬರು ಕಾಣದವರು ತಂತಮ್ಮ ಮಾಳಿಗೆಯ ಮೇಲೆ ನಿಂತು ಪಶ್ಚಿಮಕ್ಕೆ ಕೈತೋರಿಸುತ್ತ ಕೂಗಿ ಮಾತನಾಡಿಕೊಂಡರು. ಗುರುವಿಗೂ ಶನಿಗೂ ನಡುವೆ ಎಪ್ಪತ್ತು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರವಿತ್ತು. ಕಣ್ಣಿಗೆ ಮಾತ್ರ ಅವು ಜೋಡಿ. ನಮ್ಮ ಮಾಳಿಗೆಗಳ ನಡುವೆ ಹತ್ತಡಿ. ಅಂದಿನವರೆಗೆ ನಾವೂ ಅಷ್ಟೇ ದೂರವಿದ್ದೆವೆಂದು ಕಾಣುತ್ತದೆ.

ಪಕ್ಕದ ಮಾಳಿಗೆಯಲ್ಲಿ ನಿಂತಿದ್ದವರು ರಾಯರು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನಮಗೂ ಅವರಿಗೂ ಸಂಬಂಧವೆಂದರೆ ಭಾನುವಾರದ ಪದಬಂಧ. ನಾನು ಕನ್ನಡ ಮೇಷ್ಟ್ರು ಎಂಬ ಸುಳಿವು ಹಿಡಿದು, ಕಾಂಪೌಂಡಿನ ಆಚೆಯಿಂದ, “ಮೇಷ್ಟ್ರೆ, ಮೂರಕ್ಷರ, ನಡುವೆ ‘ಗ’, ಅರ್ಥ ಸಡಗರ” ಎಂದು ಕೇಳುವರು. ನಾನು ಯೋಚಿಸುವುದರೊಳಗೆ ತಾವೇ, “ಸಂಭ್ರಮ ಆಗೋಲ್ಲ, ನೋಡಿದೆ” ಎನ್ನುವರು. ಉತ್ತರ ಸಿಗದ ವಾರವೇ ಹೆಚ್ಚು. ಹತ್ತು ವರ್ಷಗಳ ನೆರೆಹೊರೆ. ಅವರ ಮನೆಯ ಅಡಿಗೆ ನಮ್ಮಲ್ಲಿಗಾಗಲಿ ನಮ್ಮದು ಅವರಲ್ಲಿಗಾಗಲಿ ಹೋದದ್ದಿಲ್ಲ. ಯಾರೂ ಬೇಡವೆಂದಿರಲಿಲ್ಲ. ನಾವು ಬೆಳ್ಳುಳ್ಳಿಯವರು, ಅವರು ಅಲ್ಲ. ಇಷ್ಟು ಮಾತ್ರ ಎರಡೂ ಕಡೆಗೆ ತಿಳಿದಿತ್ತು. ಮಿಕ್ಕದ್ದನ್ನು ಕಾಂಪೌಂಡೇ ನೋಡಿಕೊಳ್ಳುತ್ತಿತ್ತು.

ಆ ವರ್ಷ ಡಿಸೆಂಬರ್ ಕೊನೆಯಲ್ಲಿ ಊರಿನಿಂದ ಒಂದು ಚೀಲ ಅವರೆಕಾಯಿ ಬಂತು. ನಮ್ಮ ಕಡೆ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ ಬಿತ್ತುತ್ತಾರೆ. ರಾಗಿ ಕೊಯ್ದು ಮನೆ ಸೇರಿದ ಮೇಲೆ ಹೊಲದಲ್ಲಿ ಉಳಿಯುವುದು ಅದೊಂದೇ. ಮಾರ್ಗಶಿರ ಪುಷ್ಯದ ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು. ಸೊಗಡೆಂದರೇನೆಂದು ಗೊತ್ತಿಲ್ಲದವರಿಗೆ ತಿಳಿಸುವುದು ಕಷ್ಟ. ಕೈಗೆ ಅಂಟುವ ಜಿಗುಟು, ಮೂಗಿಗೆ ಹತ್ತುವ ಒಂದು ಹಸಿರು ವಾಸನೆ. ಸಾಬೂನಿಗೂ ಬೇಗ ಬಿಡುವುದಿಲ್ಲ. ಚೀಲ ಬಿಚ್ಚಿದೊಡನೆ ಬಾಡಿಗೆಮನೆಯ ಹಜಾರ ಜಂಗಮಕೋಟೆಯಾಯಿತು. ಮಾಳಿಗೆಯ ಬಿಸಿಲಿನಲ್ಲಿ ಕುಳಿತು ಕಾಯಿ ಸುಲಿದೆವು. ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಮರುದಿನ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಿದು ಹಾರುತ್ತದೆ. ಮಗಳ ಬೇಳೆ ನನ್ನ ಕನ್ನಡಕಕ್ಕೆ ಬಡಿಯಿತು. ಅವಳು ಬಿದ್ದು ಬಿದ್ದು ನಕ್ಕಳು. ಎಂಟು ತಿಂಗಳಿಂದ ಆ ಮನೆ ಅಂಥ ನಗು ಕೇಳಿರಲಿಲ್ಲ. ಅವಳ ತುಟಿ ಕಾಣುತ್ತಿತ್ತು.

ಒಗ್ಗರಣೆಯ ಪ್ರಶ್ನೆ ಬಂದದ್ದು ಮುಂದಿನ ವಾರ, 2021ರ ಜನವರಿಯ ಮೊದಲಲ್ಲಿ. ಲಸಿಕೆಗೆ ಸರಕಾರದ ಒಪ್ಪಿಗೆ ಸಿಕ್ಕಿತೆಂದು ಪತ್ರಿಕೆಯ ಮುಖಪುಟ ತುಂಬಿದ್ದ ದಿನಗಳು. ಗಂಡಾಂತರ ಕಳೆಯಿತೆಂದು ಎಲ್ಲರೂ ಉಸಿರು ಬಿಡುತ್ತಿದ್ದರು. ರಾಯರನ್ನು ಆಸ್ಪತ್ರೆಗೆ ಸೇರಿಸಿ ಆರು ದಿನಗಳಾಗಿದ್ದವು. ಸಂಜೆ ಹೆಂಡತಿ ಹಿತಕಿದ ಬೇಳೆಯ ಸಾರು ಕುದಿಸಿ, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು. ನಮ್ಮ ಅಡಿಗೆಮನೆಯ ಕಿಟಕಿಯೂ ಅವರ ಅಡಿಗೆಮನೆಯ ಕಿಟಕಿಯೂ ಎದುರುಬದುರು. ನಾವು ತಟ್ಟೆಯ ಮುಂದೆ ಕುಳಿತು ಒಂದು ತುತ್ತು ಮುದ್ದೆ ನುಂಗಿದ್ದೆವು, ಅಷ್ಟೆ. ಆ ಕಿಟಕಿಯಿಂದ ಅಳು ಕೇಳಿತು. ಆಸ್ಪತ್ರೆಯಿಂದ ಕರೆ ಬಂದಿತ್ತು.

ಆ ಮನೆಗೆ ಹೋಗುವಂತಿರಲಿಲ್ಲ. ರಾಯರ ಹೆಂಡತಿಗೂ ಸೋಂಕು ತಗಲಿ ಅವರು ಒಳಗೇ ಇರಬೇಕಾಗಿತ್ತು. ಮಗ ದೂರದ ಊರಿನಲ್ಲಿ. ಹೆಣ ಮನೆಗೆ ಬರುವುದಿಲ್ಲ. ಆಸ್ಪತ್ರೆಯಿಂದ ನೇರವಾಗಿ ಚಿತಾಗಾರಕ್ಕೆ. ಅಳುವವರ ಭುಜ ಹಿಡಿಯಲು ಒಂದು ಕೈಯಿಲ್ಲದ ಸಾವು ಅದು. ನಮ್ಮ ಒಗ್ಗರಣೆಯ ಘಮ ಮಾತ್ರ ಅವರ ಮನೆಯೊಳಗೆ ತಡೆಯಿಲ್ಲದೆ ಹೋಗಿತ್ತು. ಹೆಂಡತಿ ಎದ್ದು ಕಿಟಕಿ ಮುಚ್ಚಿದಳು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ನಾವು ಕೈ ತೊಳೆದೆವು. ಕಳೆದೊಂದು ತಿಂಗಳು ನಾನು ಒಂದೊಂದಾಗಿ ಕೂಡಿಟ್ಟಿದ್ದ ಚಿಕ್ಕ ಸಂತೋಷಗಳೆಲ್ಲ—ಹೂವಿನ ಮರ, ಗ್ರಹಗಳು, ಅವರೆಕಾಯಿ—ಯಾರದೋ ಮನೆಯಿಂದ ಕದ್ದು ತಂದ ಸಾಮಾನಿನಂತೆ ಕಂಡವು.

ರಾತ್ರಿ ನಿದ್ರೆ ಬರಲಿಲ್ಲ. ಮನಸ್ಸಿನಲ್ಲಿ ಇಬ್ಬರು ವಾದ ಹೂಡಿದ್ದರು. ಒಬ್ಬನು ಕಟ್ಟುನಿಟ್ಟಿನವನು. ಲೋಕ ಸಾಯುತ್ತಿರುವಾಗ ನಿನಗೆ ರುಚಿ ಹೇಗೆ ಹತ್ತುತ್ತದೆ? ಸುಖಪಡುವವನಿಗೆ ದುಃಖಿಯ ನೆನಪಿಲ್ಲ; ನೆನಪಿದ್ದರೆ ಸುಖಪಡಲಾರ. ಆದ್ದರಿಂದ ನಿನ್ನ ಚಿಕ್ಕ ಸಂತೋಷವೆಂಬುದು ದೊಡ್ಡ ಮರೆವು, ಎಂದು ಅವನ ವಾದ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಇದನ್ನು ಕೊನೆಯವರೆಗೆ ಒಪ್ಪಿದರೆ ಏನಾಗುತ್ತದೆಂದು ತಿಳಿಯಲು ಕಿಸಾಗೋತಮಿಯ ಕತೆ ನೆನೆಯಬೇಕು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ, ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ. ಸಾಸಿವೆ ಪ್ರತಿ ಮನೆಯಲ್ಲಿಯೂ ಇತ್ತು. ಸಾವಿಲ್ಲದ ಮನೆ ಒಂದೂ ಇರಲಿಲ್ಲ. ಸಾವಿನ ವಿಷಯವಾಗಿ ನಾವು ಈ ಕತೆಯನ್ನು ಹೇಳುತ್ತೇವೆ. ಆದರೆ ಸಾಸಿವೆಯ ವಿಷಯವಾಗಿಯೂ ಇದು ಒಂದು ಮಾತು ಹೇಳುತ್ತದೆ. ಸಾವು ಕಂಡ ಆ ಎಲ್ಲ ಮನೆಗಳಲ್ಲಿಯೂ ಸಾಸಿವೆಯಿತ್ತು, ಅಂದರೆ ಒಲೆಯಿತ್ತು, ಒಗ್ಗರಣೆಯಿತ್ತು. ಕೇಳಿ ಬಂದ ಹೆಣ್ಣಿಗೆ ಹಿಡಿಯಷ್ಟು ಕೊಡಲು ಕೈ ಮುಂದಾಗಿತ್ತು. ದುಃಖ ಮುಗಿಯಲೆಂದು ಒಲೆ ಕಾಯುವುದಾದರೆ ಲೋಕದಲ್ಲಿ ಯಾವ ಒಲೆಯೂ ಹೊತ್ತುವಂತಿಲ್ಲ.

ಇನ್ನೊಬ್ಬನು ಹಗುರ ಸ್ವಭಾವದವನು. ಸಾಯುವವರು ಸಾಯುತ್ತಾರೆ, ಇರುವವರು ಇರುವಷ್ಟು ದಿನ ಸುಖವಾಗಿರಬೇಕು, ಎಂದು ಅವನ ವಾದ. ಇವನಿಗೂ ಹಿರಿಯ ಸಾಹಿತ್ಯದ ಬೆಂಬಲವುಂಟು. 1348ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಪ್ಲೇಗು ಬಂದಾಗ ಏಳು ಮಂದಿ ತರುಣಿಯರೂ ಮೂವರು ತರುಣರೂ ಊರು ಬಿಟ್ಟು ಒಂದು ತೋಟದ ಬಂಗಲೆ ಸೇರಿ, ಹತ್ತು ದಿನ ಕತೆ ಹೇಳಿಕೊಂಡು ಕಾಲ ಕಳೆದರೆಂದು ಬೊಕಾಚಿಯೋ ತನ್ನ ‘ಡೆಕಮೆರಾನ್’ನಲ್ಲಿ ಬರೆದಿದ್ದಾನೆ. ನೂರು ಕತೆಗಳು ನಮಗೆ ಸಿಕ್ಕವು. ಲೋಕಕ್ಕೆ ಲಾಭವೇ ಆಯಿತು. ಆದರೂ ಆ ತೋಟದ ಗೇಟು ಮುಚ್ಚಿದೆ ಎಂಬುದನ್ನು ಓದುಗ ಮರೆಯಲಾರ. ಅವರ ಸಂತೋಷ ಉಳಿಯಬೇಕಾದರೆ ಊರಿನ ಅಳು ಅಲ್ಲಿಗೆ ಕೇಳಿಸಬಾರದು.

ಆ ಗೇಟು ನಮ್ಮ ಮನೆಗೂ ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದೇ ಡಿಸೆಂಬರಿನಲ್ಲಿ ಒಂದು ದಿನ, ನಾನು ತರಿಸಿದ್ದ ಪುಸ್ತಕದ ಕಟ್ಟು ಬಂತು. ತಂದವನು ಹೆಲ್ಮೆಟ್ಟು ಮಾಸ್ಕು ತೊಟ್ಟಿದ್ದ. ಹಣ ಕೊಟ್ಟೆ. ಅವನು ಹೊರಡದೆ, “ಚೆನ್ನಾಗಿದ್ದೀರಾ ಸಾರ್?” ಎಂದ. ಧ್ವನಿಯಿಂದ ಗುರುತು ಹತ್ತಿತು. ನಮ್ಮ ವಿಭಾಗದಲ್ಲಿಯೇ ಮೂರು ವರ್ಷ ಪಾಠ ಹೇಳಿದ ಅತಿಥಿ ಉಪನ್ಯಾಸಕ. ಹಳಗನ್ನಡದಲ್ಲಿ ನನಗಿಂತ ಬಲಶಾಲಿ. ಕಾಲೇಜು ಮುಚ್ಚಿದ ಮೇಲೆ ಅವನಿಗೆ ಸಂಬಳವಿರಲಿಲ್ಲ, ನನಗಿತ್ತು. ನಮ್ಮಿಬ್ಬರ ಎಂ.ಎ. ಒಂದೇ ವಿಶ್ವವಿದ್ಯಾನಿಲಯದ್ದು. “ಕಾಫಿ ಕುಡಿದು ಹೋಗು” ಎಂದೆ. “ಇನ್ನೂ ಇಪ್ಪತ್ತೆರಡು ಮನೆ ಇದೆ ಸಾರ್” ಎಂದು ಹೊರಟುಹೋದ. ನಾನು ಒಳಗೆ ಬಂದು ಪುಸ್ತಕದ ಹೊಸ ಹಾಳೆಯ ವಾಸನೆ ನೋಡಿದೆ. ಅದು ಕೂಡ ನನ್ನ ಚಿಕ್ಕ ಸಂತೋಷಗಳ ಪಟ್ಟಿಯಲ್ಲಿತ್ತು.

ಚಿಕ್ಕ ಸಂತೋಷಗಳನ್ನು ಹೊಗಳುವವರು ಸಾಮಾನ್ಯವಾಗಿ ತಿಂಗಳ ಮೊದಲ ತಾರೀಖು ಸಂಬಳ ಬರುವವರು. ಸಂತೋಷ ಚಿಕ್ಕದೆಂದ ಮಾತ್ರಕ್ಕೆ ನಿರ್ದೋಷಿಯಾಗುವುದಿಲ್ಲ. ಮಂಜಿನಲ್ಲಿ ಬಂದ ಸೊಪ್ಪಿನವಳ ಕೂಗು ನನಗೆ ಇಂಪಾಗಿತ್ತು. ರೋಗದ ಭಯದಲ್ಲಿ ಮನೆಮನೆ ತಿರುಗಿದ ಅವಳಿಗೆ ಅದು ಇಂಪಾಗಿತ್ತೆ? ಗುಡಿಸಿದ ಬೀದಿಯ ಮೇಲೆ ಉದುರಿದ ಹೂ ಚೆಂದ. ಗುಡಿಸಿದವಳ ಕೈಗೆ ಗವಸಿತ್ತೆ ಎಂದು ನಾನು ನೋಡಿರಲಿಲ್ಲ. ಕಟ್ಟುನಿಟ್ಟಿನವನ ವಾದದಲ್ಲಿ ನಿಜವಿದ್ದದ್ದು ಇಲ್ಲಿ. ಸಂತೋಷಪಟ್ಟದ್ದು ತಪ್ಪಲ್ಲ, ಅದನ್ನು ನನ್ನ ಬಾಗಿಲಿಗೆ ತಂದುಕೊಟ್ಟ ಕೈ ಯಾವುದೆಂದು ನೋಡದೆಹೋದದ್ದು ತಪ್ಪು.

ಈ ಇಬ್ಬರ ನಡುವೆ ಮೂರನೆಯದೊಂದು ದಾರಿ ಇದೆಯೆಂದು ಫ್ರೆಂಚ್ ಲೇಖಕ ಕಮೂ ಕಾಣಿಸಿದ್ದಾನೆ. 1947ರಲ್ಲಿ ಪ್ರಕಟವಾದ ಅವನ ‘ಪ್ಲೇಗ್’ ಕಾದಂಬರಿಯಲ್ಲಿ ರೋಗಿಗಳ ಸೇವೆಯಲ್ಲಿ ತಿಂಗಳುಗಟ್ಟಲೆ ದಣಿದ ವೈದ್ಯನೂ ಅವನ ಗೆಳೆಯನೂ ಒಂದು ರಾತ್ರಿ ಸಮುದ್ರಕ್ಕೆ ಹೋಗಿ ಈಜುತ್ತಾರೆ. ಸ್ನೇಹದ ಹೆಸರಿನಲ್ಲಿ ಒಂದು ಈಜು, ಅಷ್ಟೆ. ಮತ್ತೆ ಬಂದು ತಮ್ಮ ಕೆಲಸಕ್ಕೆ ತೊಡಗುತ್ತಾರೆ. ತೋಟದ ಬಂಗಲೆಗೂ ಈ ಈಜಿಗೂ ಇರುವ ಅಂತರವೇನು? ಎರಡೂ ಸುಖವೇ. ಒಂದು ಊರಿಗೆ ಬೆನ್ನು ಮಾಡುತ್ತದೆ, ಇನ್ನೊಂದು ಊರಿಗೆ ಮರಳುತ್ತದೆ. ಅಂತರ ಸುಖದಲ್ಲಿಲ್ಲ, ಸುಖಪಟ್ಟವನು ಆಮೇಲೆ ಹೋಗುವ ದಿಕ್ಕಿನಲ್ಲಿದೆ.

ಇಷ್ಟು ದೂರ ನಾನು ಪುಸ್ತಕಗಳ ಬೆಳಕಿನಲ್ಲಿ ಬಂದೆ. ಮುಂದಿನ ಹೆಜ್ಜೆ ತೋರಿಸಿದ್ದು ಪುಸ್ತಕವಲ್ಲ. ಮರುದಿನ ಬೆಳಗ್ಗೆ ತಾಯಿಯ ಕರೆ ಬಂತು. ಸಂಗತಿ ಹೇಳಿ, ಸಾರನ್ನು ಹಾಗೆಯೇ ಮುಚ್ಚಿಟ್ಟಿದ್ದೇವೆ, ಊಟ ಮಾಡಲು ಮನಸ್ಸು ಬರಲಿಲ್ಲ, ಎಂದೆ. ಹೊಗಳುತ್ತಾಳೆಂದು ಒಳಗೊಳಗೆ ಆಸೆಯಿತ್ತೋ ಏನೋ.

“ಆಯಮ್ಮ ಏನು ಉಂಡ್ಳು?” ಎಂದು ಕೇಳಿದಳು.

ನನಗೆ ಉತ್ತರ ತಿಳಿದಿರಲಿಲ್ಲ.

“ಸಾವಿನ ಮನೇಲಿ ಒಲೆ ಹಚ್ಚಲ್ಲ ಕಣಪ್ಪ. ಅದಕ್ಕೇ ಪಕ್ಕದ ಮನೇಲಿ ಹಚ್ಚಬೇಕು. ನೀನೂ ಉಣ್ಣದೆ ಅವಳಿಗೂ ಕೊಡದೆ ಮುಚ್ಚಿಟ್ರೆ ಯಾರ ಹೊಟ್ಟೆ ತುಂಬ್ತು? ಎಂ.ಎ. ಓದ್ದೋನು ನೀನು!”

ಈ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಲ್ಲಿ ಊರಿನಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಮನೆಯಿಂದ ಮುದ್ದೆ ಸಾರು ಹೊತ್ತುಹೋದವನು ನಾನೇ. ಆದರೆ ಅದರ ಅರ್ಥ ತಿಳಿಯಲು ನಲವತ್ತು ವರ್ಷ ಬೇಕಾಯಿತು. ದುಃಖದ ಮನೆಯಲ್ಲಿ ಒಲೆ ಆರಬೇಕೆಂದು ವಿಧಿಸಿದ ಹಿರಿಯರು ನೆರೆಮನೆಯ ಒಲೆಯೂ ಆರಲೆಂದು ಹೇಳಲಿಲ್ಲ. ಆರಿದ ಒಲೆಗೆ ಆರುವ ಹಕ್ಕು ಸಿಗಬೇಕಾದರೆ ಪಕ್ಕದ ಒಲೆ ಉರಿಯಲೇಬೇಕು. ಒಬ್ಬರು ಅಳಬೇಕಾದರೆ ಇನ್ನೊಬ್ಬರು ಅಡಿಗೆ ಮಾಡಬೇಕು. ಇಬ್ಬರೂ ಅಳುತ್ತ ಕುಳಿತರೆ ಅಳುವವರನ್ನು ನೋಡಿಕೊಳ್ಳುವವರಿಲ್ಲ. ಇಂದು ನಮ್ಮ ಸರದಿ, ನಾಳೆ ಅವರ ಸರದಿ. ಆದುದರಿಂದ ಕಷ್ಟಕಾಲದಲ್ಲಿ ಜೀವನದ ರುಚಿಯನ್ನು ಕೆಡದಂತೆ ಕಾಯ್ದುಕೊಳ್ಳುವುದು ಸ್ವಾರ್ಥವಾಗಬೇಕಾಗಿಲ್ಲ; ಅದು ಕಾವಲಿನ ಕೆಲಸವೂ ಆಗಬಹುದು. ಪಾತ್ರೆ ಹೊಸ್ತಿಲು ದಾಟಬೇಕು ಎಂಬುದೊಂದೇ ನಿಬಂಧನೆ. ದಾಟದಿದ್ದರೆ, ಹಾಡಿ ಹೊಗಳಿದ ಚಿಕ್ಕ ಸಂತೋಷವೂ ಬೊಕಾಚಿಯೋವಿನ ತೋಟವೇ. ಮುಚ್ಚಿಟ್ಟು ಉಪವಾಸ ಮಾಡಿದರೆ ಅದೂ ಒಂದು ಬಗೆಯ ಗೇಟೇ. ಹಿಂದಿನ ರಾತ್ರಿ ನಾನು ಸಂಕಟವೆಂದು ತಿಳಿದುಕೊಂಡದ್ದರಲ್ಲಿ ಅರ್ಧದಷ್ಟು ನನ್ನ ಒಳ್ಳೆಯತನದ ಮೇಲಿನ ಮೋಹವಾಗಿತ್ತು.

ಹೆಂಡತಿ ರಾಯರ ಮನೆಗೆ ಕರೆಮಾಡಿದಳು. “ಅಮ್ಮ, ಊಟಕ್ಕೆ ಏನಾದರೂ ಕಳಿಸಲೆ?” ಎಂದು ಕೇಳಿ, ಸುಳ್ಳು ಹೇಳಬಾರದೆಂದು, “ಒಗ್ಗರಣೆ ಹಾಕಿಬಿಟ್ಟಿದ್ದೇವೆ, ಬೆಳ್ಳುಳ್ಳಿಯೂ ಇದೆ, ಬೇರೆಯಾಗಿ ಮಾಡಿಕೊಡುತ್ತೇನೆ” ಎಂದಳು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಏನಿದ್ದರೆ ಅದೇ ಕೊಡಮ್ಮ” ಎಂಬ ಉತ್ತರ ಬಂತು. ಆದರೂ ಅವಳು ಅನ್ನ ಮಾಡಿ, ಬೆಳ್ಳುಳ್ಳಿಯಿಲ್ಲದೆ ಅವರೆಬೇಳೆ ಬೇಯಿಸಿ, ಸ್ಟೀಲಿನ ಡಬ್ಬಿಗೆ ತುಂಬಿದಳು. ನಾನು ಅದನ್ನು ಅವರ ಗೇಟಿನ ಕೊಂಡಿಗೆ ತೂಗುಹಾಕಿ, ಹತ್ತು ಹೆಜ್ಜೆ ಹಿಂದೆ ನಿಂತೆ. ಬಾಗಿಲು ತೆರೆಯಿತು. ಆಯಮ್ಮ ಬಂದು ಡಬ್ಬಿ ತೆಗೆದುಕೊಂಡರು. ನನ್ನ ಕಡೆ ನೋಡಿದರು. ನಾನು ಕೈಮುಗಿದೆ. ಮಾತಾಗಲಿಲ್ಲ.

ಹೀಗೆ ಹದಿಮೂರು ದಿನ ನಡೆಯಿತು. ಬೀದಿಯ ಇನ್ನೆರಡು ಮನೆಗಳವರೂ ಸರದಿ ಹಿಡಿದರು. ಕಡೆಯ ದಿನ ಅವರು ನಮ್ಮ ಡಬ್ಬಿಗಳನ್ನು ತೊಳೆದು ಕಾಂಪೌಂಡಿನ ಮೇಲಿಟ್ಟರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲವೆ? ಒಂದೊಂದರಲ್ಲಿಯೂ ಅವರ ಕುಂಡದ ಗಿಡದ ಎರಡೆರಡು ನಿಂಬೆಹಣ್ಣು. ಆಚೆಯಿಂದ ನನ್ನ ಹೆಂಡತಿಗೆ ಹೇಳಿದರು: “ಮೊದಲನೇ ದಿನದ ಅವರೆಬೇಳೆಗೆ ಉಪ್ಪು ಒಂದು ಹಿಡಿತ ಹೆಚ್ಚಾಗಿತ್ತು ಕಣಮ್ಮ.” ಹೆಂಡತಿ ಒಳಗೆ ಬಂದು ಕಣ್ಣೊರಸಿಕೊಂಡಳು. ಬೇಸರದಿಂದಲ್ಲ. ಗಂಡ ಸತ್ತ ಮರುದಿನ ಆ ಜೀವ ಉಪ್ಪಿನ ಹೆಚ್ಚು ಕಡಿಮೆ ಅರಿತಿತ್ತು. ನಾಲಗೆಯಿನ್ನೂ ಲೋಕವನ್ನು ಬಿಟ್ಟಿರಲಿಲ್ಲ. ಅದಕ್ಕಿಂತ ಚಿಕ್ಕ ಸಂತೋಷವನ್ನಾಗಲಿ ದೊಡ್ಡ ಸಂತೋಷವನ್ನಾಗಲಿ ಆ ಚಳಿಗಾಲದಲ್ಲಿ ನಾವು ಕಾಣಲಿಲ್ಲ.

ನಗರಕ್ಕೆ ಇದು ಮೊದಲ ಪಾಠವೇನಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು. ಗಾಳಿ ಬೆಳಕಿನ ಮನೆಗಳು ಬೇಕೆಂಬ ಅರಿವು ಬಂದು ಬಸವನಗುಡಿ ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಇಂದು ನಾವು ಆ ಬೀದಿಗಳ ನೆರಳಿನಲ್ಲಿ ನಡೆದು ಸಂತೋಷಪಡುವಾಗ ಒಂದು ಮಾರಿಯ ಕಾಲದ ಭಯವೇ ನಮಗೆ ನೆರಳಾಗಿದೆಯೆಂಬುದು ನೆನಪಿರುವುದಿಲ್ಲ. ಹಳ್ಳಿಗಳಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನನ್ನ ಅಜ್ಜಿ ತನ್ನ ಅತ್ತೆಯಿಂದ ಕೇಳಿದ ಮಾತೊಂದನ್ನು ಹೇಳುತ್ತಿದ್ದಳು: ಗುಡಿಸಲಲ್ಲಿದ್ದಾಗ ಬೆಳಗ್ಗೆ ಎದ್ದೊಡನೆ ಮೊದಲು ನೋಡುತ್ತಿದ್ದದ್ದು ಎಲ್ಲೆಲ್ಲಿ ಹೊಗೆ ಏಳುತ್ತಿದೆ ಎಂದು. ಹೊಗೆ ಕಾಣದ ಗುಡಿಸಲಿಗೆ ಗಂಜಿ ಹೋಗುತ್ತಿತ್ತು. ನೆರೆಹೊರೆಯ ಧರ್ಮವನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳುವುದು ನನಗೆ ತಿಳಿಯದು. ನಗರದಲ್ಲಿ ಹೊಗೆ ಕಾಣುವುದಿಲ್ಲ. ಗ್ಯಾಸಿನ ಒಲೆ ಹತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕೇಳಬೇಕಾಗುತ್ತದೆ. ಕೇಳಲು ನಾಚಿಕೆಪಡುವುದೇ ನಗರದ ನಿಜವಾದ ರೋಗವೆಂದು ಕಾಣುತ್ತದೆ.

ಬೀದಿಯ ಆ ಗುಲಾಬಿ ಮರದ ವಿಷಯವೂ ಒಂದು ಮಾತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನ ಬೀದಿಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು. ನಮ್ಮ ಬೀದಿಯ ಮರವನ್ನು ಯಾರು ನೆಟ್ಟರೋ ಅರಿಯೆ. ಆದರೆ ಅಂಥ ಕೈಗಳಿಲ್ಲದೆ ಆ ಚಳಿಗಾಲದಲ್ಲಿ ಈ ನಗರಕ್ಕೆ ಅಷ್ಟು ಹೂವಿರುತ್ತಿರಲಿಲ್ಲ. ಬಾಗಿಲು ಹಾಕಿ ಕುಳಿತ ಸಾವಿರಾರು ಜನ ಕಿಟಕಿಯಿಂದ ಹೂ ಕಂಡು ಹಗುರಾದರು. 2021ರ ಮೇ ತಿಂಗಳಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ನೇಗಿನಹಾಳರು ಅದೇ ಕೋವಿಡ್ ರೋಗದಿಂದ ತೀರಿಕೊಂಡರು. ಮುಖ ಕಾಣದ ಜನಕ್ಕೆ ಅವರು ನಲವತ್ತು ವರ್ಷ ಮೊದಲೇ ಒಂದು ಡಬ್ಬಿ ಕಟ್ಟಿಟ್ಟಿದ್ದರೆಂದರೆ ತಪ್ಪಾಗಲಾರದು.

ಆ ಮೇ ತಿಂಗಳ ಮಾತು ಬಂದದ್ದರಿಂದ ಇನ್ನೊಂದನ್ನೂ ಮುಚ್ಚಿಡಬಾರದು. ಚಳಿಗಾಲದಲ್ಲಿ ಎದ್ದಿತೆಂದುಕೊಂಡ ಜ್ವರ ಏಪ್ರಿಲಿನಲ್ಲಿ ಇಮ್ಮಡಿಯಾಗಿ ಬಂತು. ಚಿತಾಗಾರಗಳ ಮುಂದೆ ಆಂಬುಲೆನ್ಸುಗಳ ಸಾಲು ನಿಂತಿತು. ಒಂದೇ ಬೀದಿಯ ಎಷ್ಟೋ ಮನೆಗಳಲ್ಲಿ ಒಟ್ಟಿಗೆ ಒಲೆ ಆರಿತು. ಪಕ್ಕದ ಮನೆಯೂ ಮಲಗಿದ್ದಾಗ ಯಾರು ಯಾರಿಗೆ ಡಬ್ಬಿ ಕಟ್ಟುವುದು? ಉಸಿರಿಗೆ ಗಾಳಿ ಬೇಡುವವನ ಮುಂದೆ ಹೂವಿನ ಮರದ ಮಾತು ಆಡುವುದು ಅವಮಾನ. ಆಗ ಬೇಕಾದದ್ದು ಆಮ್ಲಜನಕ, ಹಾಸಿಗೆ, ವೈದ್ಯ, ನೆಟ್ಟಗೆ ನಡೆಯುವ ಸರಕಾರ. ಚಿಕ್ಕ ಸಂತೋಷ ಇವು ಯಾವುದಕ್ಕೂ ಬದಲಿಯಲ್ಲ. ನನ್ನ ಅತಿಥಿ ಉಪನ್ಯಾಸಕ ಮಿತ್ರನಿಗೂ ಬೇಕಾಗಿದ್ದದ್ದು ನನ್ನ ಕಾಫಿಯಲ್ಲ, ಅವನ ಸಂಬಳ. ಡಬ್ಬಿ ಕಟ್ಟಿದ ತೃಪ್ತಿಯಲ್ಲಿ ಇದನ್ನು ಮರೆತರೆ ನಮ್ಮ ತಪ್ಪು ಮತ್ತೊಂದು ರೂಪದಲ್ಲಿ ಹಿಂದಿರುಗುತ್ತದೆ. ಅವನು ಈಗ ಬೇರೆ ಊರಿನಲ್ಲಿ ಮತ್ತೆ ಅತಿಥಿಯಾಗಿಯೇ ಪಾಠ ಹೇಳುತ್ತಿದ್ದಾನೆ. ವರ್ಷಕ್ಕೊಮ್ಮೆ ಕರೆಮಾಡುತ್ತಾನೆ. ಅಂದು ಗೇಟಿನಲ್ಲಿ ಅವನು ಮಾತನಾಡಿಸದೆ ಹೋಗಬಹುದಾಗಿತ್ತು ಎಂಬುದು ನನಗೆ ಈಗಲೂ ನೆನಪಾಗುತ್ತದೆ. ಸಂಬಳವಿಲ್ಲದವನು ಸಂಬಳದವನ ಯೋಗಕ್ಷೇಮ ಕೇಳಿ ಹೋದ.

ಇದನ್ನು ಜಂಗಮಕೋಟೆಯ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮತ್ತೊಂದು ಅವರೆಯ ಕಾಲ. ಹುಳುಮನೆಯಲ್ಲಿ ಹುಳು ನಾಲ್ಕನೆಯ ಜ್ವರ ಎದ್ದು ಸೊಪ್ಪು ತಿನ್ನುತ್ತಿದೆ. ಆ ಸದ್ದು ದೂರದಲ್ಲಿ ಮಳೆ ಬಿದ್ದಂತೆ ಕೇಳಿಸುತ್ತದೆ. ತಾಯಿ ಬೆಂಗಳೂರಿಗೆ ಕಳುಹಿಸಲು ಕಾಯಿ ತುಂಬುತ್ತಿದ್ದಾಳೆ. ಈಗ ಎರಡು ಚೀಲ; ಒಂದರ ಬಾಯಿಗೆ ಕೆಂಪು ದಾರ ಕಟ್ಟುತ್ತಾಳೆ. ಅದು ರಾಯರ ಮನೆಯದು. “ಆಯಮ್ಮನಿಗೆ ಹೇಳು, ಉಪ್ಪು ತಾನೇ ಹಾಕ್ಕೊ ಅಂತ” ಎಂದು ನಗುತ್ತಾಳೆ.